ದ್ವಾರಂ ತಟ್ಟೆಗಳ ಗೀರು: ಮೊನೊ ಉಪಕರಣಗಳ ಬಾಳಿಕೆಯ ವಿಚಾರ

ಮೊನೊ ಉಪಕರಣಗಳ ಮೇಲೆ ಹೈ-ಫೈ ಹವ್ಯಾಸಿಗಳಿಗೆ ಇಂದಿಗೂ ಇರುವ ಒಲವನ್ನು ಹಳೆಯ ಕಾಲದ ಹಂಬಲವೆಂದು ಕರೆದು ಕೈತೊಳೆದುಕೊಳ್ಳುವುದು ರೂಢಿ. ಮೊನೊ ಎಂದರೆ ಸ್ಟೀರಿಯೊದ ಅರ್ಧ, 1958ರಲ್ಲಿ ಸ್ಟೀರಿಯೊ ತಟ್ಟೆಗಳು ಅಂಗಡಿಗೆ ಬಂದೊಡನೆ ಅದರ ಆಯುಸ್ಸು ತೀರಿತು ಎಂಬ ಓದು ಇದರ ಬೆನ್ನಿಗಿದೆ. ಈ ಓದು ತಟ್ಟೆಯ ಹೊದಿಕೆಯನ್ನು ನೋಡಿದೆ, ಗೀರನ್ನು ನೋಡಿಲ್ಲ.

ಗೀರನ್ನು ನೋಡಲು ಪಿಟೀಲು ವಿದ್ವಾಂಸ ದ್ವಾರಂ ವೆಂಕಟಸ್ವಾಮಿ ನಾಯ್ಡು ಅವರ 78 ವೇಗದ ತಟ್ಟೆಗಳಿಗಿಂತ ಒಳ್ಳೆಯ ಆಧಾರ ಸಿಗುವುದು ಕಷ್ಟ. 1893ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿ ವಿಶಾಖಪಟ್ಟಣದಲ್ಲಿ ಬೆಳೆದ ದ್ವಾರಂ 1919ರಲ್ಲಿ ವಿಜಯನಗರಂನ (ಹಂಪೆಯ ವಿಜಯನಗರವಲ್ಲ, ಆಂಧ್ರದ್ದು) ಸಂಗೀತ ಕಾಲೇಜಿನ ಅಧ್ಯಾಪಕರಾದರು, 1936ರಲ್ಲಿ ಪ್ರಾಂಶುಪಾಲರಾದರು. ಹತ್ತು ಅಂಗುಲದ ತಟ್ಟೆಯ ಒಂದು ಮಗ್ಗುಲಿಗೆ ಹಿಡಿಸುವುದು ಸುಮಾರು ಮೂರು ನಿಮಿಷದ ನಾದ. ಆ ನಾದವಷ್ಟೂ ಗೀರಿನ ಅಡ್ಡ ಓಲಾಟದಲ್ಲಿದೆ. ಮೇಲೆ ಕೆಳಗಿನ ಕುಣಿತದಲ್ಲಿ ಸಂಗೀತವೇ ಇಲ್ಲ.

ವಾದವೆಲ್ಲ ನಿಂತಿರುವುದು ಇಲ್ಲೇ. ಸ್ಟೀರಿಯೊ ಗೀರಿನ ಎರಡು ಗೋಡೆಗಳು ಎರಡು ಚಾನೆಲ್‌ಗಳನ್ನು ಹೊರುತ್ತವೆ. ತಟ್ಟೆಯ ಮೈಗೆ 45 ಡಿಗ್ರಿ ಓರೆಯಾದ ಈ ಜೋಡಿ ಗೋಡೆಗಳ ಉಪಾಯ ಅಲನ್ ಬ್ಲೂಮ್ಲೈನ್ ಅವರ 1931ರ ಪೇಟೆಂಟಿನಲ್ಲೇ ಇದೆ. ಹೀಗಾಗಿ ಸ್ಟೀರಿಯೊ ಕಾರ್ಟ್ರಿಜ್ ಅಡ್ಡ ಓಲಾಟದ ಜೊತೆಗೆ ಲಂಬ ಕುಣಿತವನ್ನೂ ಓದಲೇಬೇಕು. ಮೊನೊ ತಟ್ಟೆಯಲ್ಲಿ ಲಂಬವಾಗಿ ಸಿಗುವುದು ಧೂಳು, ಸವೆತ, ಮೋಟಾರಿನ ಗುಡುಗು ಮತ್ತು ಗೀರಿನ ಹಿಸುಕಾಟ. ಕೊನೆಯದನ್ನು ಹಲವರು ಮರೆಯುತ್ತಾರೆ. ಗೀರು ಕೊರೆಯುವ ಮುಳ್ಳು ಉಳಿಯಂತೆ ಚಪ್ಪಟೆ, ಓದುವ ಮುಳ್ಳು ದುಂಡು. ಗೀರು ವಾಲಿದಲ್ಲೆಲ್ಲ ಅದರ ಅಗಲ ಕುಗ್ಗುವುದರಿಂದ ಒಂದು ಸುತ್ತು ಓಲಾಟಕ್ಕೆ ಎರಡು ಬಾರಿ ಓದುವ ಮುಳ್ಳು ಮೇಲೇಳುತ್ತದೆ. ಪಿಟೀಲಿನ ತಾರಸ್ಥಾಯಿಗೆ ಅಂಟಿಕೊಳ್ಳುವ ಆ ಒರಟುತನ ಕಮಾನಿನದಲ್ಲ, ಓದುವ ಯಂತ್ರದ್ದು.

ಆಂಪ್ಲಿಫೈಯರಿನಲ್ಲಿ ಮೊನೊ ಗುಂಡಿ ಇದ್ದರೆ ಸಾಕು, ಬೇರೆ ಕಾರ್ಟ್ರಿಜ್ ಯಾಕೆ ಎಂಬುದು ಎದುರುಪಕ್ಷದ ಮಾತು. ಅರ್ಧ ಸರಿ. ಗುಂಡಿ ಒತ್ತಿದೊಡನೆ ಚಿಟಪಟ ಸದ್ದು ಸ್ಪೀಕರುಗಳ ನಡುವಿನ ಹರವು ಬಿಟ್ಟು ಒಂದೆಡೆ ಮುದುಡಿ ತಗ್ಗುವುದನ್ನು ಯಾರೂ ಕೇಳಬಹುದು. ಆದರೆ ಲಂಬ ಸದ್ದು ಪೂರಾ ಅಳಿಯಬೇಕಾದರೆ ಎರಡು ಚಾನೆಲ್‌ಗಳು ತೂಕದಲ್ಲಿ ಸರಿಸಮ ಇರಬೇಕು. ಒಂದು ಡೆಸಿಬೆಲ್ ಹೆಚ್ಚುಕಡಿಮೆಯಾದರೂ ಅದು ತಗ್ಗುವುದು ಸುಮಾರು 25 ಡೆಸಿಬೆಲ್ ಮಾತ್ರ. ಮನೆಯ ಕೇಳುಗರಿಗೆ ಅಷ್ಟು ಸಾಕೆಂದು ಒಪ್ಪಬಹುದು. ಸವೆದ ಅರಗಿನ ತಟ್ಟೆಗೆ ಸಾಲದು. ಮೊನೊ ಎಂದು ಮಾರುವ ಇಂದಿನ ಕಾರ್ಟ್ರಿಜ್‌ಗಳಲ್ಲಿ ಎಷ್ಟೋ ಒಳಗಡೆ ತಂತಿ ಬೆಸೆದ ಸ್ಟೀರಿಯೊಗಳೇ. ಅವನ್ನು ಕೊಂಡು ಮೊನೊವನ್ನು ಹಳಿಯುವವರ ಸಾಕ್ಷ್ಯಕ್ಕೆ ಬೆಲೆಯಿಲ್ಲ. ಪ್ರಸಾರ ಕೇಂದ್ರಗಳಿಗೆಂದು ಜಪಾನಿನ ಡೆನಾನ್ ಮಾಡಿದ ಡಿಎಲ್-102 ಹಾಗಲ್ಲ. ಅದು ಹುಟ್ಟಾ ಮೊನೊ. ಆದರೂ ಸ್ಟೀರಿಯೊ ತಟ್ಟೆಯನ್ನು ಕೆಡಿಸದಷ್ಟು ಲಂಬ ಬಳುಕು ಅದಕ್ಕಿದೆ.

ಮುಳ್ಳಿನ ಗಾತ್ರವೂ ಇಲ್ಲಿ ಸಾಕ್ಷಿ. ಸ್ಟೀರಿಯೊ ಮುಳ್ಳಿನ ತುದಿಯ ತ್ರಿಜ್ಯ ಸುಮಾರು 18 ಮೈಕ್ರಾನ್, ಮೊನೊ ಎಲ್‌ಪಿಯದು 25, 78ರದು ಸುಮಾರು 75. ಸಣ್ಣ ಮುಳ್ಳು ಅರಗಿನ ತಟ್ಟೆಯ ಗೀರಿನ ತಳಕ್ಕಿಳಿದು ಕಸ ಗೋರುತ್ತದೆ. ಅನುಭವಿಗಳು ಬೇರೆ ಬೇರೆ ದಪ್ಪದ ಮುಳ್ಳುಗಳನ್ನು ಹಾಕಿ ನೋಡಿ, ಹಿಂದಿನ ಉಕ್ಕಿನ ಪಿನ್ನು ಉಜ್ಜದೆ ಬಿಟ್ಟ ಗೋಡೆಯ ಪಟ್ಟಿಯನ್ನು ಹುಡುಕುತ್ತಾರೆ. ಅದು ಸಿಕ್ಕ ಗಳಿಗೆ ಕಮಾನು ತಂತಿ ಮುಟ್ಟುವ ಸದ್ದು ಹಿಸ್ಸಿನೊಳಗಿನಿಂದ ಎದ್ದು ಬರುತ್ತದೆ.

ಇನ್ನು ಹೊದಿಕೆಯ ಮಾತು. ಭಾರತದ ಎಚ್‌ಎಂವಿ ಎಲ್‌ಪಿಗಳಲ್ಲಿ ಇಎಎಲ್‌ಪಿ ಮೊನೊದ ಗುರುತು, ಇಎಎಸ್‌ಡಿ ಸ್ಟೀರಿಯೊದ್ದು. ಆದರೆ ಸ್ಟೀರಿಯೊ ಎಂಬ ಅಚ್ಚು ಯಾವಾಗಲೂ ಮೂಲ ಧ್ವನಿಮುದ್ರಣದ ವರದಿಯಲ್ಲ. ಅಮೆರಿಕದ ಕ್ಯಾಪಿಟಲ್ ಕಂಪನಿ 1961ರಿಂದ ಮೊನೊ ಟೇಪುಗಳನ್ನೇ ಸೀಳಿ, ಒಂದು ಚಾನೆಲ್‌ಗೆ ಮಂದ್ರ ಇನ್ನೊಂದಕ್ಕೆ ತಾರ ಹಂಚಿ, ನಡುವೆ ಚೂರು ತಡ ಸೇರಿಸಿ ಡ್ಯುಯೊಫೋನಿಕ್ ಎಂದು ಮಾರಿತು. ಇದು ಕೆಡುಕೇ ಹೊರತು ಸುಧಾರಣೆಯಲ್ಲ. ಬೀಟಲ್ಸ್ ತಂಡ 1968ರ ತನಕ ಮೊನೊ ಮಿಶ್ರಣವನ್ನು ಬೇರೆಯಾಗಿಯೇ ಸಿದ್ಧಪಡಿಸುತ್ತಿತ್ತು; 2014ರಲ್ಲಿ ಅವೇ ಮತ್ತೆ ಎಲ್‌ಪಿಗಳಾಗಿ ಬಂದವು.

ದ್ವಾರಂ ಅವರ ಆಂಧ್ರ ಸೀಮೆಯ ಕಿವಿಯನ್ನು ಬೆಳೆಸಿದ ರೇಡಿಯೊ ಕೂಡ ಒಂದೇ ಚಾನೆಲಿನದು. ವಿಜಯವಾಡ ಆಕಾಶವಾಣಿ ಶುರುವಾದದ್ದು 1948ರ ಡಿಸೆಂಬರ್ 1ರಂದು, ವಿಶಾಖಪಟ್ಟಣದ್ದು 1963ರಲ್ಲಿ. ದೇಶದಲ್ಲಿ ಎಫ್‌ಎಂ ಮೊದಲು ಬಂದದ್ದು 1977ರಲ್ಲಿ, ಅದೂ ಮದರಾಸಿಗೆ. ಆ ಕಾಲದ ಮರದ ಪೆಟ್ಟಿಗೆಯ ವಾಲ್ವ್ ರೇಡಿಯೊಗಳನ್ನು ರಿಪೇರಿ ಮಾಡುವವರು ಬೆಂಗಳೂರಿನ ಜಾಲಹಳ್ಳಿಯ ಬಿಇಎಲ್ ತಯಾರಿಸಿದ ಇಎಲ್84, ಇಸಿಸಿ83 ವಾಲ್ವುಗಳನ್ನು ಈಗಲೂ ಅರಸುತ್ತಾರೆ. ಒಂದು ಸ್ಪೀಕರಿಗೆ ಒಂದೇ ಆಂಪ್ಲಿಫೈಯರ್ ಸಾಕಾದ್ದರಿಂದ ಹವ್ಯಾಸಿಯ ಕೈಗೆ ಈ ಕೆಲಸ ಎಟುಕುತ್ತದೆ.

ದ್ವಾರಂ ತೀರಿಕೊಂಡದ್ದು 1964ರ ನವೆಂಬರ್ 25ರಂದು. ಅವರ 78 ವೇಗದ ತಟ್ಟೆಗಳಲ್ಲಿ ಯಾವುದರಲ್ಲೂ ಎರಡನೆಯ ಚಾನೆಲ್ ಇಲ್ಲ.