ಶಿಕಾರಿಪುರ–ಸೊರಬದ ಶಾಸನಗಳೂ ಅವುಗಳ ಓದುಗರೂ

ಬಿ. ಎಲ್. ರೈಸ್ ಅವರು ಎಪಿಗ್ರಾಫಿಯಾ ಕರ್ನಾಟಿಕಾ ಎಂಬ ಶಾಸನಸಂಗ್ರಹದ ಏಳನೆಯ ಸಂಪುಟವನ್ನು 1902ರಲ್ಲಿಯೂ ಎಂಟನೆಯದನ್ನು 1904ರಲ್ಲಿಯೂ ಹೊರತಂದುದರಿಂದ, ಶಿಕಾರಿಪುರ, ಸೊರಬ ತಾಲ್ಲೂಕುಗಳ ಗದ್ದೆಬದುಗಳಲ್ಲಿಯೂ ಕೆರೆಯೇರಿಗಳಲ್ಲಿಯೂ ಹಾಳುಗುಡಿಗಳಲ್ಲಿಯೂ ಕೇಳುವವರಿಲ್ಲದೆ ನಿಂತಿದ್ದ ನೂರಾರು ಶಾಸನಗಳು ಅಚ್ಚಿನ ಆಶ್ರಯವನ್ನು ಪಡೆದವು. ಆ ಉಪಕಾರವನ್ನು ಕನ್ನಡ ನಾಡು ಮರೆಯಲಾಗದು. ಆದರೆ ತನ್ನೂರ ಕಲ್ಲು ಏನು ಹೇಳುತ್ತದೆಂಬ ಕುತೂಹಲದಿಂದ ಆ ಸಂಪುಟಗಳನ್ನು ಬಿಡಿಸುವ ಗ್ರಾಮಸ್ಥನಿಗೆ ದೊರೆಯುವುದೇನು? ಹಳಗನ್ನಡದ ಮೂಲಪಾಠ, ಅದೇ ಪಾಠ ರೋಮನ್ ಲಿಪಿಯಲ್ಲಿ, ಆಮೇಲೆ ಇಂಗ್ಲಿಷ್ ಅನುವಾದ. ಮೂಲವು ತಿಳಿಯದೆ, ಅನುವಾದವು ನಿಲುಕದೆ, ಅವನು ಖಿನ್ನನಾಗಿ ಪುಸ್ತಕವನ್ನು ಮುಚ್ಚುತ್ತಾನೆ. ಗ್ರಂಥವು ವಿದ್ವಾಂಸರಿಗಾಗಿ ಸಿದ್ಧವಾದುದು. ಅದರ ಮಟ್ಟಿಗೆ ಅದು ನಿರ್ದುಷ್ಟವೇ.

ಶಾಸನವನ್ನು ಕಂಡರಿಸಿದವರಾದರೋ ತಮ್ಮ ಓದುಗರನ್ನು ಚೆನ್ನಾಗಿ ಬಲ್ಲವರು. ತಾಳಗುಂದದ ಕಂಬದಲ್ಲಿ, ಏಳನೆಯ ಸಂಪುಟದೊಳಗೆ ಶಿಕಾರಿಪುರ 176 ಎಂದು ಎಣಿಕೆಗೊಂಡಿರುವ ಶಾಸನದಲ್ಲಿ, ಕುಬ್ಜಕವಿಯು ಕಾಂಚಿಗೆ ವೇದಾಧ್ಯಯನಕ್ಕೆ ಹೋದ ಮಯೂರಶರ್ಮನು ಪಲ್ಲವರ ಅಶ್ವಾರೋಹಿಯಿಂದ ಅವಮಾನಿತನಾಗಿ ದರ್ಭೆಯ ಕೈಯಲ್ಲಿ ಖಡ್ಗವನ್ನು ಹಿಡಿದ ಕಥೆಯನ್ನು ಸಂಸ್ಕೃತ ವೃತ್ತಗಳಲ್ಲಿ ಹೇಳಿದನು. ಅಲ್ಲಿಯ ಅಗ್ರಹಾರದಲ್ಲಿ ಅದನ್ನು ಸವಿಯುವ ಪಂಡಿತರಿದ್ದರು. ಅಂತಹ ಓದುಗರು ಬಳ್ಳಿಗಾವಿಯಲ್ಲಿಯೂ ಇದ್ದರು: ಅಲ್ಲಿಯ ಕೋಡಿಯಮಠದಲ್ಲಿ ವ್ಯಾಕರಣ, ನ್ಯಾಯ, ಮೀಮಾಂಸೆ, ಪುರಾಣಗಳ ಪಾಠವೂ ದೀನರಿಗೆ ಅನ್ನೌಷಧಗಳೂ ನಡೆಯುತ್ತಿದ್ದವೆಂಬುದನ್ನು 1162ರ ಶಾಸನವು ಸಾರುತ್ತದೆ.

ಅಕ್ಷರವರಿಯದವನನ್ನೂ ಕಲ್ಲು ಕಂಡರಿಸಿದವರು ಕಡೆಗಣಿಸಲಿಲ್ಲ. ಸೊರಬದ ಸೀಮೆಯಲ್ಲಿ ಹೆಜ್ಜೆಗೊಂದರಂತೆ ಕಾಣುವ ವೀರಗಲ್ಲುಗಳ ಕೆಳಗಿನ ಪಟ್ಟಿಕೆಯಲ್ಲಿ ತುರುಗೋಳಿನ ಕಾಳಗ, ಓಡುವ ಹಸುಗಳು, ಬಿಲ್ಲೆತ್ತಿದ ವೀರ. ನಡುವೆ ಆತನ ತೋಳುಗಳನ್ನು ಹಿಡಿದೆತ್ತುವ ಅಪ್ಸರೆಯರು. ಮೇಲೆ ಲಿಂಗ, ಚಂದ್ರಸೂರ್ಯರು. ತುರುಗಳನ್ನು ಉಳಿಸಿ ಮಡಿದವನು ಶಿವಸಾಯುಜ್ಯವನ್ನು ಪಡೆದನೆಂಬುದನ್ನು ದನ ಕಾಯುವ ಬಾಲಕನೂ ಓದಬಲ್ಲನು. ನಡುನಡುವಣ ಅಂಚುಗಳಲ್ಲಿ ವೀರನ ಹೆಸರೂ ಊರೂ ಅಕ್ಷರ ಬಲ್ಲವರಿಗಾಗಿ. ಒಂದೇ ಕಲ್ಲು ಇಬ್ಬರಿಗೂ ದಕ್ಕುವಂತೆ ಮಾಡಿದ ಆ ವಿವೇಕವು ನನಗೆ ಬಹು ದೊಡ್ಡದಾಗಿ ತೋರುತ್ತದೆ.

ಶಾಸನಶಾಸ್ತ್ರವನ್ನು ಬಲ್ಲ ನಮ್ಮ ವಿದ್ವಾಂಸರಲ್ಲಿ ನನ್ನ ಬಿನ್ನಹವಿಷ್ಟೆ: ಈ ಎರಡು ತಾಲ್ಲೂಕುಗಳ ಪ್ರತಿಯೊಂದು ಊರಿಗೂ ಒಂದೊಂದು ಕಿರುಹೊತ್ತಗೆಯನ್ನು, ಕಲ್ಲು ಇರುವ ಸ್ಥಳ, ಮೂಲ, ಹೊಸಗನ್ನಡದ ತಾತ್ಪರ್ಯ, ಕಠಿನಪದಗಳ ಅರ್ಥ ಇವುಗಳೊಡನೆ ಬರೆದು, ಆಯಾ ಊರಿನ ಶಾಲೆಗೆ ತಲಪಿಸಿರಿ.