ಚಪ್ಪರದ ಪ್ಲೇಟುಗಳು
ಮದುವೆಯ ಚಪ್ಪರದಲ್ಲಿ ಹಾಡುಗಳನ್ನು ಆಯ್ದು ಒಂದರ ಹಿಂದೊಂದಾಗಿ ಕೇಳಿಸುವವನನ್ನು ಈಗಿನವರು ಡಿಜೆ ಎನ್ನುವರು. ಹೆಸರು ಹೊಸದು, ಕೆಲಸ ಹಳೆಯದು. ಹುಳಿಯಾರು ಸೀಮೆಯ ತೆಂಗಿನ ಗರಿಯ ಚಪ್ಪರಗಳಲ್ಲಿ ಅದು ಮೈಕ್‌ಸೆಟ್ಟಿನವನ ಪಾಲಿನದಾಗಿದ್ದಿತು.

ನಮ್ಮ ದೇಶದಲ್ಲಿ ಪ್ಲೇಟುಗಳಿಗಾಗಿ ಧ್ವನಿಮುದ್ರಣವು 1902ರಲ್ಲಿ ಕಲ್ಕತ್ತೆಯಲ್ಲಿ ಮೊದಲಾಯಿತು. ಆಗ ಹಾಡಿದವರಲ್ಲೊಬ್ಬರಾದ ಗೌಹರ್ ಜಾನ್ ಕಡೆಗಾಲದಲ್ಲಿ ಮೈಸೂರು ಅರಮನೆಯ ಆಶ್ರಯ ಪಡೆದು, 1930ರಲ್ಲಿ ಮೈಸೂರಿನಲ್ಲಿಯೇ ತೀರಿಕೊಂಡರು. ಅರಗು ಬೆರೆಸಿದ ಆ ಪ್ಲೇಟುಗಳು ನಿಮಿಷಕ್ಕೆ ಸುಮಾರು 78 ಸುತ್ತು ತಿರುಗುವುವು. ಮಗ್ಗುಲೊಂದಕ್ಕೆ ಮೂರು ನಿಮಿಷದ ಹಾಡು. ಕೈ ಜಾರಿತೆಂದರೆ ಹೋಳು! ಮಗ್ಗುಲು ಮುಗಿದೊಡನೆ ಮುಳ್ಳು ಬದಲಿಸಬೇಕು, ಕೀಲಿ ಕೊಡಬೇಕು, ಪ್ಲೇಟು ಮಗುಚಬೇಕು; ಊಟಕ್ಕೂ ಏಳುವಂತಿಲ್ಲ. ಆದರೆ ಆ ಬಿಡುವಿನಲ್ಲಿಯೇ ಅವನು ತಲೆಯೆತ್ತಿ ಚಪ್ಪರವನ್ನು ನೋಡುತ್ತಿದ್ದನು: ಬೀಗರು ಬಂದರೆ? ಧಾರೆಯ ಹೊತ್ತಾಯಿತೆ? ಮುಂದಿನ ಪ್ಲೇಟನ್ನು ಅದರಂತೆ ತೆಗೆಯುತ್ತಿದ್ದನು.

1948ರಲ್ಲಿ ಅಮೆರಿಕದಲ್ಲಿ ವಿನೈಲಿನ ದೊಡ್ಡ ಪ್ಲೇಟು ಹೊರಟು, ಮಗ್ಗುಲಿಗೆ ಇಪ್ಪತ್ತು ನಿಮಿಷಕ್ಕೂ ಮಿಕ್ಕಿ ಹಾಡಿತು. 1982ರಲ್ಲಿ ಸಿ.ಡಿ. ಬಂದಿತು, ಆಮೇಲೆ ಅಂತರ್ಜಾಲದಿಂದ ಇಳಿಸಿಕೊಳ್ಳುವ ಹಾಡು. ಧ್ವನಿಯ ಶುದ್ಧಿಯಲ್ಲಿ ಅರಗಿನ ಪ್ಲೇಟೇ ಮೇಲೆಂದು, ಮುಳ್ಳಿನ ಕೆರೆತವನ್ನು ಕೇಳಿದವರಾರೂ ವಾದಿಸಲಾರರು. ಬೇರೆಯಾದುದು ಅವನ ಕೆಲಸ. ನೂರಾರು ಹಾಡಿನ ಪೆನ್‌ಡ್ರೈವನ್ನು ಸಿಕ್ಕಿಸಿ ಅವನೀಗ ಊಟದ ಪಂಕ್ತಿಯಲ್ಲಿ ಕುಳಿತಿರಬಲ್ಲನು. ಧಾರೆಯ ನಡುವೆ ವಿರಹದ ಹಾಡು ಮೊಳಗಿದರೆ, ನಿಲ್ಲಿಸಲು ಹುಡುಗನೊಬ್ಬನು ಓಡಬೇಕು.