ಆಸರೆಯಾದ ಗಡಿ ಶಿಬಿರಗಳು

ಹುಟ್ಟುವ ಮೊದಲೇ ನಿಷೇಧಕ್ಕೆ ಗುರಿಯಾದ ಸಂಸ್ಥೆ ಹೈದರಾಬಾದ್ ಸ್ಟೇಟ್ ಕಾಂಗ್ರೆಸ್. 1938ರ ಸೆಪ್ಟೆಂಬರಿನಲ್ಲಿ, ಅದಿನ್ನೂ ಕಣ್ಣು ಬಿಡುವ ಮುನ್ನವೇ, ನಿಜಾಮ್ ಸರ್ಕಾರ ಅದನ್ನು ಕಾನೂನುಬಾಹಿರ ಎಂದು ಸಾರಿತು. ನಿಷೇಧ ತೆರವಾದದ್ದು 1946ರ ಜುಲೈಯಲ್ಲಿ. ನಡುವಿನ ಎಂಟು ವರ್ಷ ಕೆಲಸ ಸಾಗಿದ್ದು ಭಾಷಾವಾರು ಸಂಘಟನೆಗಳ ಹೆಸರಿನಲ್ಲಿ: ತೆಲಂಗಾಣದಲ್ಲಿ ಆಂಧ್ರ ಮಹಾಸಭೆ, ಮರಾಠವಾಡದಲ್ಲಿ ಮಹಾರಾಷ್ಟ್ರ ಪರಿಷತ್ತು, ಕಲಬುರಗಿ, ರಾಯಚೂರು, ಬೀದರ್ ಕಡೆ ಕರ್ನಾಟಕ ಪರಿಷತ್ತು. ಕೇಂದ್ರದಲ್ಲಿ ಯಾರೂ ಇಲ್ಲದಿದ್ದಾಗ ಪ್ರಾಂತ್ಯವೇ ತನ್ನ ಹೊಣೆ ಹೊರುವ ಅಭ್ಯಾಸ ಹೀಗೆ ಬಂತು. ಜನ ಸಂಸ್ಥಾನದ ಗಡಿ ದಾಟಿ ಓಡಬೇಕಾದ ನಿರಾಶ್ರಿತರ ಕಾಲ ಬಂದಾಗ ಕೈ ಹಿಡಿದದ್ದು ಇದೇ ಅಭ್ಯಾಸ.

ಸಂಸ್ಥೆಯ ಮುಂದಾಳು ಸ್ವಾಮಿ ರಮಾನಂದ ತೀರ್ಥರು ನಮ್ಮ ಕಡೆಯವರೇ. 1903ರಲ್ಲಿ ಸಿಂದಗಿಯಲ್ಲಿ ಹುಟ್ಟಿದ ವೆಂಕಟೇಶ ಖೇಡಗೀಕರ್, ಕಾರ್ಮಿಕ ಧುರೀಣ ಎನ್.ಎಂ. ಜೋಶಿಯವರ ಕೈಕೆಳಗೆ ದುಡಿದು, ಶಾಲಾಮಾಸ್ತರರಾಗಿ, ಕಡೆಗೆ ಸನ್ಯಾಸ ದೀಕ್ಷೆ ತೊಟ್ಟವರು. ಕಾವಿ ಉಟ್ಟು ರಾಜಕೀಯಕ್ಕೆ ಬಂದರೂ ಮಠ ಕಟ್ಟಲಿಲ್ಲ. 1946ರಲ್ಲಿ ಅಧ್ಯಕ್ಷ ಪದವಿಗೆ ಬೂರ್ಗುಲ ರಾಮಕೃಷ್ಣರಾಯರೊಡನೆ ಸ್ಪರ್ಧೆ ನಡೆದು ಸ್ವಾಮೀಜಿ ಗೆದ್ದರು. 1947ರ ಜೂನಿನಲ್ಲಿ ಹೈದರಾಬಾದಿನ ಮುಷೀರಾಬಾದಿನಲ್ಲಿ ಸಂಸ್ಥೆ ಅಧಿವೇಶನ ಸೇರಿ, ಭಾರತದೊಡನೆ ವಿಲೀನವಾಗಬೇಕೆಂಬ ಬೇಡಿಕೆಯನ್ನು ಬಹಿರಂಗವಾಗಿಯೇ ಇಟ್ಟಿತು. ಆಗಸ್ಟ್ 15ಕ್ಕೆ ದೇಶವೆಲ್ಲ ಧ್ವಜ ಹಾರಿಸಿದರೆ ಸ್ವಾಮೀಜಿ ಬಂಧನದಲ್ಲಿದ್ದರು.

ಆಗ ಕೆಲಸ ನಿಲ್ಲಬೇಕಿತ್ತು, ನಿಲ್ಲಲಿಲ್ಲ. ದಿಗಂಬರರಾವ್ ಬಿಂದು ಅವರ ಮುಂದಾಳುತನದಲ್ಲಿ ಕ್ರಿಯಾ ಸಮಿತಿಯೊಂದು ಸಂಸ್ಥಾನದ ಹೊರಗೆ ನಿಂತು ಹೋರಾಟದ ಹಗ್ಗ ಹಿಡಿಯಿತು. ಆದರೆ ಗಡಿಯ ಹಳ್ಳಿಗೆ ಬಂದು ಸೇರಿದ ಬಾಣಂತಿಗೆ ಎಲ್ಲಿ ಜಾಗ ಎಂಬುದನ್ನು ದೂರದ ಸಮಿತಿ ತೀರ್ಮಾನಿಸುವಂತಿರಲಿಲ್ಲ. ಅದನ್ನು ಮಾಡಿದ್ದು ಪ್ರಾಂತ್ಯದ ಹೊಸ ಮುಂದಾಳುಗಳು. ಮುಂಡರಗಿಯಲ್ಲಿ ಅಳವಂಡಿಯ ಶಿವಮೂರ್ತಿಸ್ವಾಮಿ, ಗಜೇಂದ್ರಗಡದಲ್ಲಿ ಪುಂಡಲೀಕಪ್ಪ ಜ್ಞಾನಮೋಠೆ ಶಿಬಿರ ಹೂಡಿದರು. ಕಲಬುರಗಿ ಭಾಗದಿಂದ ಸರ್ದಾರ್ ಎಂದೇ ಹೆಸರಾದ ಶರಣಗೌಡ ಇನಾಮದಾರ್, ಕೊಲ್ಲೂರು ಮಲ್ಲಪ್ಪ, ಈಗಿನ ಕಮಲಾಪುರ ತಾಲ್ಲೂಕಿನ ಮಹಾಗಾಂವದ ಚಂದ್ರಶೇಖರ ಪಾಟೀಲ ಮುಂತಾದವರು ಹೋರಾಟಕ್ಕಿಳಿದರು. ಇವರಲ್ಲಿ ಯಾರನ್ನೂ ದೆಹಲಿ ನೇಮಿಸಿದ್ದಲ್ಲ. ಊರು, ಹಳ್ಳ, ಕಾಲುದಾರಿ, ಯಾರ ಮನೆಯಲ್ಲಿ ಜೋಳವಿದೆ ಎಂಬುದು ಗೊತ್ತಿದ್ದವರು, ಅಷ್ಟೇ.

ಕಲಬುರಗಿಯಿಂದ ಹೊರಬೀಳುವವರಿಗೆ ಪಡುವಣವೇ ದಾರಿ. ರೈಲು ಹಳಿ ಸೊಲ್ಲಾಪುರದ ಕಡೆ ಹೋಗುತ್ತದೆ. ಗಡಿ ದಾಟಿದರೆ ದುಧನಿ. ಅದು, ವಾಗ್ದರಿ, ಅಕ್ಕಲಕೋಟೆಯ ಸುತ್ತಲಿನ ಹಳ್ಳಿಗಳು ಮೊಗಲಾಯಿಯಿಂದ, ಅಂದರೆ ನಿಜಾಮನ ಸೀಮೆಯಿಂದ, ಓಡಿಬಂದವರ ಮೊದಲ ನೆಲೆಗಳಾದವು. 1947ರ ನವೆಂಬರ್ 29ರ ಯಥಾಸ್ಥಿತಿ ಒಪ್ಪಂದ ದೆಹಲಿಗೂ ನಿಜಾಮನಿಗೂ ಒಂದು ವರ್ಷದ ಬಿಡುವು ಕೊಟ್ಟಿತು, ಹಳ್ಳಿಗಳಿಗಲ್ಲ. ನಿಜಾಮನ ಪರ ನಿಂತ ಕಾಸಿಂ ರಜ್ವಿಯ ಪಡೆ ರಜಾಕಾರರ ಹಾವಳಿ ಏರಿದ್ದು ಆ ಒಪ್ಪಂದದ ಮರೆಯಲ್ಲೇ. 1948ರ ಮೇ 22ರಂದು ಗಾಣಗಾಪುರ ನಿಲ್ದಾಣದಲ್ಲಿ ರೈಲಿನ ಮೇಲೆಯೇ ದಾಳಿಯಾಯಿತು. ಅಲ್ಲಿಗೆ ಆ ದಾರಿಯೂ ನೆಚ್ಚುವಂತಿರಲಿಲ್ಲ.

ಶಿಬಿರಗಳ ಬಗ್ಗೆ ಬರೆಯುವವರು ಸಾಮಾನ್ಯವಾಗಿ ಹೇಳುವುದು ಕರೋಡಗಿರಿ (ಸುಂಕದ) ನಾಕಾ ಸುಟ್ಟದ್ದು, ಪೊಲೀಸ್ ಠಾಣೆಯಿಂದ ಬಂದೂಕು ಕಿತ್ತು ತಂದದ್ದು. ಅವು ನಡೆದವು, ಧೈರ್ಯದ ಕೆಲಸಗಳೇ. ಆದರೆ ದಾಳಿಗೆ ಹೋದವನು ರಾತ್ರಿ ಕಳೆದು ಮರಳುವ ಹೊತ್ತಿಗೆ ಅವನ ಹೆಂಡತಿ ಮಕ್ಕಳಿಗೆ ಯಾರೋ ರೊಟ್ಟಿ ಬಡಿದು ಹಾಕಿರಬೇಕಲ್ಲ? ಆ ಕೆಲಸಕ್ಕೆ ತಾಮ್ರಪತ್ರ ಬರಲಿಲ್ಲ. ಪಿಂಚಣಿಗೆ ಅರ್ಜಿ ಹಾಕಿದವರಿಗೂ ಸರ್ಕಾರ ಕೇಳಿದ್ದು ಶಿಬಿರವಾಸದ ಪುರಾವೆ. ಶಿಬಿರವನ್ನು ಸಾಕಿದವರನ್ನು ಯಾರೂ ಕೇಳಲಿಲ್ಲ.

ಬೀದರ್ ಸೀಮೆಯ ಪಾಡು ಇನ್ನೂ ಕಷ್ಟದ್ದು. ಅಲ್ಲಿಂದ ಬ್ರಿಟಿಷರ ಹಳೆಯ ಮುಲುಕಿನ ಗಡಿ ದೂರ. 1948ರ ಮೇ ತಿಂಗಳಲ್ಲಿ ಗೋರ್ಟಾದಲ್ಲಿ ಕಗ್ಗೊಲೆ ನಡೆಯಿತು. ಭಾಲ್ಕಿ ತಾಲ್ಲೂಕಿನ ವರವಟ್ಟಿಯಲ್ಲಿ ರಜಾಕಾರರು ಇಟ್ಟ ಬೆಂಕಿಯಲ್ಲಿ ತಾಯಿಯನ್ನೂ ಸೋದರಿಯನ್ನೂ ಕಳೆದುಕೊಂಡ ಎಳೆಯ ಹುಡುಗನೊಬ್ಬ ತಂದೆಯ ಜೊತೆ ಊರು ಬಿಟ್ಟು ಕಡೆಗೆ ಕಲಬುರಗಿ ಸೇರಿದ. ನೂತನ ವಿದ್ಯಾಲಯದಲ್ಲಿ ಓದಿ, ವಕೀಲನಾಗಿ, 1969ರಲ್ಲಿ ಎಂಎಸ್‌ಕೆ ಮಿಲ್ ಕಾರ್ಮಿಕ ಸಂಘಕ್ಕೆ ಕಾನೂನು ಸಲಹೆಗಾರನಾದ. ಆತ ಮಲ್ಲಿಕಾರ್ಜುನ ಖರ್ಗೆ. ಬೀದರ್ ಕಡೆಯಿಂದ ಕಲಬುರಗಿಗೆ ಬರುವ ಹೆದ್ದಾರಿ ಹುಮನಾಬಾದ್ ದಾಟಿ, ಕಮಲಾಪುರದ ಮೇಲೆ, ಮಹಾಗಾಂವ ಕ್ರಾಸ್ ಹಾಯ್ದು ಬರುತ್ತದೆ. ಕೆಂಪು ಬಾಳೆಗೆ ಹೆಸರಾದ ಕಮಲಾಪುರದ ಮುಂದೆ 1948ರಲ್ಲಿ ಯಾರ್ಯಾರು ನಡೆದು ಹೋದರು ಎಂಬುದು ನಮ್ಮ ಸ್ಮರಣ ಸಂಚಿಕೆಗಳಲ್ಲಿ ಕಾಣುವುದಿಲ್ಲ.

1948ರ ಸೆಪ್ಟೆಂಬರ್ 13ಕ್ಕೆ, ಪೊಲೀಸ್ ಆಕ್ಷನ್ ಎಂದು ಹೆಸರಾದ ಕಾರ್ಯಾಚರಣೆಯಲ್ಲಿ, ಭಾರತದ ಸೈನ್ಯ ಸೊಲ್ಲಾಪುರದಿಂದ ಒಳಹೊಕ್ಕಿತು, 17ಕ್ಕೆ ನಿಜಾಮ ಶರಣಾದ. ನಮ್ಮ ವಿಮೋಚನೆಯ ಉತ್ಸವದ ಭಾಷಣಗಳು ಇಲ್ಲಿಗೆ ಮುಗಿಯುತ್ತವೆ. ನಿರಾಶ್ರಿತರ ಕಥೆ ಮುಗಿಯಲಿಲ್ಲ. ಗಡಿಯಾಚೆ ಹೋದವರು ಮರಳುತ್ತಿದ್ದಂತೆ, ಇಲ್ಲಿಯ ಮುಸ್ಲಿಂ ಕುಟುಂಬಗಳು ಮನೆಮಾರು ಬಿಟ್ಟು ಓಡಿದವು. ರಜಾಕಾರ ಯಾರು, ಬಡ ನೇಕಾರ ಯಾರು ಎಂದು ಸೇಡಿನ ಗುಂಪು ನೋಡಲಿಲ್ಲ. ಸರ್ಕಾರ ಕಳಿಸಿದ ಪಂಡಿತ್ ಸುಂದರಲಾಲ್, ಕಾಜಿ ಅಬ್ದುಲ್ ಗಫಾರ್, ಮೌಲಾನಾ ಅಬ್ದುಲ್ಲಾ ಮಿಸ್ರಿ ಅವರ ತಂಡ ನವೆಂಬರ್–ಡಿಸೆಂಬರಿನಲ್ಲಿ ಸುತ್ತಾಡಿ, ಸಂಸ್ಥಾನದಲ್ಲಿ ಸತ್ತವರು 27,000ದಿಂದ 40,000 ಎಂದು ಅಂದಾಜಿಸಿತು. ಅತಿ ಹೆಚ್ಚು ನೊಂದ ನಾಲ್ಕು ಜಿಲ್ಲೆಗಳಲ್ಲಿ ಕಲಬುರಗಿ, ಬೀದರ್ ಎರಡೂ ಇದ್ದವು. ಆ ವರದಿ ದಶಕಗಳ ಕಾಲ ಕಪಾಟಿನಲ್ಲೇ ಉಳಿಯಿತು. ಅದರಲ್ಲಿ ಇನ್ನೊಂದು ಮಾತೂ ಇದೆ: ಕೆಲವೆಡೆ ಹಿಂದೂ ನೇಕಾರರು ತಮ್ಮ ಜೀವವನ್ನೇ ಒತ್ತೆಯಿಟ್ಟು ಮುಸ್ಲಿಂ ನೇಕಾರರನ್ನು ಕಾಪಾಡಿದರು. ಗಡಿ ಶಿಬಿರಗಳು ಮಾಡಿದ ಕೆಲಸ ಇದೇ ತಾನೆ? ಈ ನೇಕಾರರಿಗೆ ಹೆಸರು, ಬಾವುಟ, ಸಮಿತಿ ಇರಲಿಲ್ಲ ಎಂಬುದಷ್ಟೇ ವ್ಯತ್ಯಾಸ.

ಇದನ್ನೆಲ್ಲ ನೋಡಲು ಗೆದ್ದ ಸಂಸ್ಥೆಗೆ ಆ ಹೊತ್ತಿನಲ್ಲಿ ಪುರುಸೊತ್ತು ಇರಲಿಲ್ಲ. ಸ್ವಾಮೀಜಿ ಬಣ, ಬೂರ್ಗುಲ ಬಣ ಎಂಬ ಒಳಜಗಳ ಮೇಲೆದ್ದಿತ್ತು. ಶಿಬಿರದ ಕಾಲದ ಒಗ್ಗಟ್ಟು ಅಧಿಕಾರದ ಬಾಗಿಲಲ್ಲಿ ಒಡೆಯಿತು ಎಂದು ಹೇಳಲು ನನಗೆ ಅಳುಕಿಲ್ಲ. ಆದರೂ ಕಲಬುರಗಿ ಬೇಗ ಚೇತರಿಸಿಕೊಂಡಿತು. 1949ರಲ್ಲಿ ಇಲ್ಲಿ ಕನ್ನಡ ಸಾಹಿತ್ಯ ಸಮ್ಮೇಳನ ಸೇರಿ ಉತ್ತಂಗಿ ಚನ್ನಪ್ಪನವರು ಅಧ್ಯಕ್ಷತೆ ವಹಿಸಿದರು. ಅಳಿದುಳಿದ ಭಯದ ನಡುವೆ ಕ್ರೈಸ್ತ ಪಾದ್ರಿಯಾದ ಅವರು ಬಂದು ಕನ್ನಡದ ಮಾತಾಡಿದ್ದು ಸಣ್ಣ ಸಂಗತಿಯಲ್ಲ. 1952ರಲ್ಲಿ ಕಲಬುರಗಿ ತನ್ನ ಮೊದಲ ಲೋಕಸಭಾ ಸದಸ್ಯನನ್ನಾಗಿ ಸ್ವಾಮೀಜಿಯನ್ನೇ ಕಳಿಸಿತು. ಭಾಷೆಗೆ ತಕ್ಕಂತೆ ಸಂಸ್ಥಾನ ಒಡೆಯಬೇಕೆಂದು ವಾದಿಸಿದವರೂ ಅವರೇ. 1956ರ ನವೆಂಬರ್ 1ಕ್ಕೆ ಮೂರು ಪ್ರಾಂತ್ಯಗಳು ಮೂರು ರಾಜ್ಯಗಳ ಪಾಲಾದವು. ತಾನು ಕಟ್ಟಿದ ಸಂಸ್ಥೆಯ ನೆಲವನ್ನೇ ಹಂಚಿಕೊಡಲು ದುಡಿದ ಅಧ್ಯಕ್ಷ ಬೇರೆ ಯಾರಿದ್ದಾರೋ ಕಾಣೆ.

ಊರು ಬಿಡುವುದು ಇಂದಿಗೂ ನಿಂತಿಲ್ಲ. ಕಮಲಾಪುರದ ತಾಂಡಾಗಳಿಂದ ಜನ ದುಡಿಮೆಗಾಗಿ ಮುಂಬೈ, ಪುಣೆ, ಹೈದರಾಬಾದಿಗೆ ಹೋಗುತ್ತಾರೆ. 2020ರ ಲಾಕ್‌ಡೌನಿನಲ್ಲಿ ಹಾಗೆ ಹೋದವರು ಮೂಟೆ ಹೊತ್ತು ಮರಳಿದಾಗ ಅವರ ಪರವಾಗಿ ಮಾತಾಡಲು ಪ್ರಾಂತ್ಯಕ್ಕೊಂದು ಸಂಘಟನೆ ಇರಲಿಲ್ಲ. ಗಡಿ ಶಿಬಿರಗಳ ನೆನಪಿಗೆ ಕಲ್ಲಿನ ಸ್ಮಾರಕ ಬೇಕು ಎನ್ನುವವರು ಇದನ್ನೂ ಯೋಚಿಸಲಿ.

ಓದುಗರಲ್ಲಿ ಒಂದು ವಿನಂತಿ. ಕಲಬುರಗಿ, ಕಮಲಾಪುರ ಕಡೆಯ ನಿಮ್ಮ ಮನೆಯಲ್ಲಿ ಎಂಬತ್ತು ದಾಟಿದ ಅಜ್ಜ-ಅಜ್ಜಿ ಇದ್ದರೆ, 'ಕ್ಯಾಂಪಿಗೆ ಹೋದವರು', 'ಪೊಲೀಸ್ ಆಕ್ಷನ್ನಿಗೆ ಊರು ಬಿಟ್ಟವರು' ಎಂದು ಅವರು ಹೇಳುವ ಹೆಸರುಗಳನ್ನು ಬರೆದಿಡಿ. ಓಡಿಹೋದವರ ಹೆಸರಿನ ಪಕ್ಕದಲ್ಲಿ, ಬಾಗಿಲು ತೆರೆದವರ ಹೆಸರೂ ಇರಲಿ. ಹಿಂದೂ, ಮುಸ್ಲಿಂ ಎಂದು ಎರಡು ಪಟ್ಟಿ ಮಾಡಬೇಡಿ.